ಊಟಕ್ಕೆ ಕರೆಯುವ ಅರಬ್ಬಿ

ನಮ್ಮ ಊರಿನ ಹಿಂದೆ ಒಂದು ಕರಿಬಂಡೆಯ ಬಯಲಿದೆ. ನಾವು ಅದನ್ನು ಪಾದೆ ಎನ್ನುತ್ತೇವೆ. ಹೊರಗಿನವರು ಯಾರೇ ಅಲ್ಲಿ ಬಂದು ನಿಂತರೂ ಕಾಲು ಗಂಟೆಯೊಳಗೆ ಅವರ ಪಾದ ನೆಲ ಬಿಡುತ್ತದೆ. ಊರಿನಲ್ಲೇ ಹುಟ್ಟಿದವರಿಗೆ ಏನೂ ಆಗುವುದಿಲ್ಲ, ಹಾಲುಹಲ್ಲು ಬೀಳದ ಮಕ್ಕಳಿಗೂ ಆಗುವುದಿಲ್ಲ. ಉಳಿದವರೆಲ್ಲ ಸೊಂಟಕ್ಕೆ ಕಟ್ಟಿದ ಹಗ್ಗದ ಉದ್ದದಷ್ಟು, ಅಂದರೆ ಹತ್ತು ಮಾರು, ಮೇಲಕ್ಕೆ ಹೋಗಿ ನಿಲ್ಲುತ್ತಾರೆ. ಎಳೆದರೆ ಇಳಿಯುವುದಿಲ್ಲ, ಎಳೆದವನ ಅಂಗೈ ಸುಲಿಯುತ್ತದೆ ಅಷ್ಟೆ. ಅವರ ಮನೆಮಾತಿನಲ್ಲಿ ಕೆಳಗಿನಿಂದ ಯಾರಾದರೂ ಊಟಕ್ಕೆ ಕರೆಯಬೇಕು. ಕರೆದರೆ ಸಾಕು, ಒಣಗಿದ ಎಲೆಯ ಹಾಗೆ ಇಳಿದು ಬರುತ್ತಾರೆ, ಆ ದಿನ ಮತ್ತೆ ಏರುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದು ಬೇರೆ ಊರಿನವರಿಗೆ ಗಾದೆ, ನಮಗೆ ಅದೇ ಕಸುಬು.

ಕಸುಬಿಗೆ ಒಂದೇ ಕಟ್ಟುನಿಟ್ಟು. ಮಧ್ಯಾಹ್ನ ಹನ್ನೆರಡಕ್ಕೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ಅಷ್ಟರೊಳಗೆ ಮೇಲಿದ್ದವರೆಲ್ಲ ಕೆಳಗಿರಬೇಕು. ಆರು ವರ್ಷದ ಹಿಂದೆ ಒಬ್ಬ ಗಡಿಯಾರದ ವ್ಯಾಪಾರಿ ರಿಜಿಸ್ಟರಿನಲ್ಲಿ ಹಿಂದಿ ಎಂದು ಬರೆಸಿ ಮೇಲೆ ಹೋದ. ಮೂರು ಜನ ಹಿಂದಿಯಲ್ಲಿ ಗಂಟಲು ಹರಿಯುವಂತೆ ಕರೆದರೂ ಇಳಿಯಲಿಲ್ಲ. ಅವನ ಮನೆಯಲ್ಲಿ ಆಡುತ್ತಿದ್ದ ಮಾತು ಬೇರೆ ಇತ್ತಂತೆ, ಹಿಂದಿ ಎಂದರೆ ಮರ್ಯಾದೆ ಎಂದು ಹಾಗೆ ಬರೆಸಿದ್ದ. ಗಾಳಿಗೆ ಹಗ್ಗ ತುಂಡಾಯಿತು. ಊರವರು ಗುಡ್ಡಗಳಲ್ಲಿ ನಾಲ್ಕು ದಿನ ಹುಡುಕಿದರು, ಒಂದು ಚಪ್ಪಲಿ ಸಿಕ್ಕಿತು. ಅಂದಿನಿಂದ ರಿಜಿಸ್ಟರಿಗೆ ಮನೆಮಾತು ಎಂಬ ಕಾಲಂ ಬಂತು. ಅದನ್ನು, ಹಗ್ಗ ಹಿಡಿಯುವವರಿಗೆ ಆಯಾ ಭಾಷೆ ಕಲಿಸುವ ಟೀಚರೇ, ಬಂದವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ ತುಂಬಬೇಕು ಎಂದು ಹಗ್ಗದವರ ಸಂಘ ತೀರ್ಮಾನಿಸಿತು. ಅರಬ್ಬಿಯ ಕಾಲಂ ನನ್ನ ಪಾಲಿನದು.

ನನ್ನ ಹೆಸರು ಗುಲಾಬಿ. ನನ್ನ ಅರಬ್ಬಿ ಪುಸ್ತಕದ್ದಲ್ಲ. ಕಡಲಾಚೆಯ ಒಂದು ಮನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸಕ್ಕಿದ್ದೆ, ಪಾತ್ರೆ ತಿಕ್ಕುತ್ತಾ, ಇಸ್ತ್ರಿ ಹಾಕುತ್ತಾ, ಬೈಸಿಕೊಳ್ಳುತ್ತಾ ಕಲಿತದ್ದು. ಊರಿಗೆ ಮರಳಿದ ವಾರದಲ್ಲೇ ಸಂಘದ ಕಾರ್ಯದರ್ಶಿ ದೂಮಣ್ಣ ಮನೆ ಬಾಗಿಲಿಗೆ ಬಂದ. ಬೇಸಿಗೆ ತಾಳಲಾರದೆ ಆ ಕಡೆಯ ಜನ ನಮ್ಮ ಮೋಡ ನೋಡಲು ಗುಂಪುಗುಂಪಾಗಿ ಬರತೊಡಗಿದ್ದರು, ಅವರನ್ನು ಇಳಿಸುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಹಾಗೆ ಮುಚ್ಚಿಹೋಗಿದ್ದ ಐಸ್ ಪ್ಲಾಂಟಿನಲ್ಲಿ ನನ್ನ ತರಗತಿ ಶುರುವಾಯಿತು. ಕಲಿಯಲು ಬಂದವರೆಲ್ಲ ಮೊದಲು ಬಲೆ ಎಳೆಯುತ್ತಿದ್ದವರು. ಹಗ್ಗ ಅವರ ಕೈಗೆ ಹೊಸದಲ್ಲ, ಮಾತು ಹೊಸದು. ಮೊದಲ ಪಾಠ 'ಘದಾ ಜಾಹಿಜ್', ಊಟ ತಯಾರಾಗಿದೆ. ಎರಡನೆಯದು 'ಹಾದಿರ್ ಮಾಮಾ', ಆಯಿತು ಅಮ್ಮಾವರೇ. ಆ ಮನೆಗಳಲ್ಲಿ ಯಜಮಾನತಿಯನ್ನು ನಾವು ಮಾಮಾ ಎಂದೇ ಕರೆಯುವುದು. ಒಮ್ಮೆ ಪ್ರವಾಸೋದ್ಯಮ ಇಲಾಖೆಯ ಒಬ್ಬರು ಬಂದು, ಮೀಸೆ ಹೊತ್ತ ಗಂಡಸರೆಲ್ಲ ಸಾಲಾಗಿ ನಿಂತು ಹಾದಿರ್ ಮಾಮಾ ಎನ್ನುವುದನ್ನು ಕೇಳಿ ನಕ್ಕರು. ಇದು ಕೆಲಸದವರ ಅರಬ್ಬಿಯಲ್ಲವೇ, ಸ್ವಲ್ಪ ಗೌರವದ್ದು ಕಲಿಸಬಾರದೇ ಎಂದರು. ಗೌರವದ ಅರಬ್ಬಿಯಲ್ಲಿ ಒಬ್ಬರನ್ನು ಇಳಿಸಿ ತೋರಿಸಿ, ನಾಳೆಯಿಂದ ಅದನ್ನೇ ಕಲಿಸುತ್ತೇನೆ ಎಂದೆ. ಅವರು ಚಹಾ ಕುಡಿದು ಹೋದರು. ನನಗೆ ಆ ಅರಬ್ಬಿಯ ಬಗ್ಗೆ ಜಂಬ ಇತ್ತು. ಮುಚ್ಚಿಟ್ಟು ಏನು ಪ್ರಯೋಜನ, ಆ ಜಂಬವೇ ಆ ದಿನ ನನ್ನ ಕಣ್ಣು ಕಟ್ಟಿದ್ದು.

ಎರಡು ದಿನ ಸುರಿದ ಮಳೆ ಬಿಟ್ಟ ಬೆಳಿಗ್ಗೆ ಅದು. ಒಂದು ಕಾರಿನಲ್ಲಿ ಮೂರು ಜನ ಬಂದರು. ತಾಯಿ, ಐದು ವರ್ಷದ ಮಗಳು, ಕೆಲಸದ ಹೆಂಗಸು. ಯಜಮಾನರು ಹಲ್ಲುನೋವೆಂದು ಹೋಟೆಲಿನಲ್ಲೇ ಉಳಿದಿದ್ದರಂತೆ. ಮಗಳ ಹೆಸರು ನೂರಾ. ತಾಯಿಯನ್ನು ಅವರ ಪದ್ಧತಿಯಂತೆ ಉಮ್ಮ್ ನೂರಾ, ಅಂದರೆ ನೂರಾಳ ಅಮ್ಮ, ಎಂದು ಕರೆದರೆ ಸಾಕಿತ್ತು. ಒಳ್ಳೆಯ ಹೆಂಗಸು. ನನ್ನ ಮಾತು ಕೇಳಿ ಬಾಯಿ ತುಂಬ ನಕ್ಕು, ನಮ್ಮ ಬೀದಿಯವಳ ಹಾಗೇ ಮಾತಾಡುತ್ತೀಯಲ್ಲ ಎಂದಳು. ಕೆಲಸದವಳನ್ನು ಅವರು ಸಾರಾ ಎಂದು ಕರೆಯುತ್ತಿದ್ದರು. ಕಪ್ಪಗೆ, ತೆಳ್ಳಗೆ, ಮೂವತ್ತರ ಆಸುಪಾಸು. ಭುಜದಲ್ಲಿ ಚೀಲ, ಕೈಯಲ್ಲಿ ಮಗುವಿನ ನೀರಿನ ಬಾಟಲಿ. ನಾನು ಅವಳನ್ನೂ ಮಾತಾಡಿಸಿದೆ. ಎಷ್ಟು ವರ್ಷವಾಯಿತು ಎಂದು ಕೇಳಿದೆ. ಎಂಟು ಎಂದಳು. ಅವಳ ಅರಬ್ಬಿ ನನ್ನದರ ತದ್ರೂಪ. ಅದೇ ತಗ್ಗಿಸಿದ ಸ್ವರ, ಅದೇ ಹಾದಿರ್, ಅದೇ ಮಾಮಾ. ಒಡಹುಟ್ಟಿದವಳು ಸಿಕ್ಕಷ್ಟು ಸಂತೋಷವಾಯಿತು ನನಗೆ.

ಸಾರಾ ಹೊರಗೆ ಮಗುವನ್ನು ನೋಡಿಕೊಂಡಿರುತ್ತೇನೆ ಎಂದಳು. ಉಮ್ಮ್ ನೂರಾ ಒಪ್ಪಲಿಲ್ಲ. ಎಂಟು ವರ್ಷದಲ್ಲಿ ನೀನು ಒಂದು ದಿನವೂ ನಿನಗಾಗಿ ಏನೂ ನೋಡಿಲ್ಲ, ಮಗುವನ್ನು ಇವರು ಹಿಡಿದುಕೊಳ್ಳುತ್ತಾರೆ, ಬಾ ಎಂದು ತಾನೇ ಅವಳ ಚೀಲ ಇಳಿಸಿದಳು. ಸಾರಾ ಹಾದಿರ್ ಮಾಮಾ ಎಂದಳು. ನಾನು ರಿಜಿಸ್ಟರಿನಲ್ಲಿ ಉಮ್ಮ್ ನೂರಾಳ ಮುಂದೆ ಅರಬ್ಬಿ ಎಂದು ಬರೆದೆ. ಅದರ ಕೆಳಗೆ ಸಾರಾಳ ಮುಂದೆ, ಮೇಲಿನದೇ ಎಂಬ ಗುರುತಿನ ಎರಡು ಗೀಟು ಹಾಕಿದೆ.

ಉಮ್ಮ್ ನೂರಾಳ ಹಗ್ಗವನ್ನು ದೂಮಣ್ಣ ಹಿಡಿದ. ಸಾರಾಳ ಹಗ್ಗವನ್ನು ವಾರಿಜಾಳಿಗೆ ಕೊಟ್ಟೆವು. ವಾರಿಜಾ ನನ್ನ ತರಗತಿಯ ಚುರುಕು ಹೆಣ್ಣು, ಗಂಡ ಸತ್ತ ಮೇಲೆ ಅವನ ಹಗ್ಗ ತಾನೇ ಹಿಡಿಯುತ್ತೇನೆಂದು ಹಟ ಹಿಡಿದು ಕಲಿತವಳು. ಅವಳಿಗೆ ಅದು ಮೊದಲ ದಿನ. ಮೊದಲ ದಿನದವರಿಗೆ ಹೆಚ್ಚು ತಾಪತ್ರಯವಿಲ್ಲದ ಜನವನ್ನೇ ಕೊಡುವುದು ನಮ್ಮ ವಾಡಿಕೆ. ಹನ್ನೊಂದಕ್ಕೆ ಇಬ್ಬರೂ ಮೇಲಿದ್ದರು. ಉಮ್ಮ್ ನೂರಾ ಕೈ ಬಡಿದು ನಗುತ್ತಿದ್ದಳು. ಸಾರಾ ಸುಮ್ಮನೆ ಕಣ್ಣು ಮುಚ್ಚಿ ಮಲಗಿದವಳ ಹಾಗೆ ತೇಲುತ್ತಿದ್ದಳು. ಮಗು ನನ್ನ ಸೆರಗು ಹಿಡಿದು ಬಿಸ್ಕತ್ತು ತಿನ್ನುತ್ತಿತ್ತು.

ಹನ್ನೊಂದೂವರೆಗೆ ದೂಮಣ್ಣ ಕರೆದ. ಉಮ್ಮ್ ನೂರಾ ಇಳಿದಳು. ವಾರಿಜಾ ಕರೆದಳು, ಸ್ಪಷ್ಟವಾಗಿ, ನಾನು ಕಲಿಸಿದ ಹಾಗೇ. ಮೇಲಿನಿಂದ ಹಾದಿರ್ ಮಾಮಾ ಎಂದು ಉತ್ತರ ಬಂತು. ಆದರೆ ಹಗ್ಗ ಸಡಿಲವಾಗಲಿಲ್ಲ. ವಾರಿಜಾ ಇನ್ನೊಮ್ಮೆ ಕರೆದಳು. ಮತ್ತೆ ಹಾದಿರ್ ಮಾಮಾ. ಸಾರಾ ಇದ್ದಲ್ಲೇ ಇದ್ದಳು.

"ಟೀಚರ್, ಇವಳು ಹೂಂ ಅಂತಾಳೆ, ಇಳೀತಾ ಇಲ್ಲ," ಎಂದಳು ವಾರಿಜಾ.

ಅವಳ ಮನೆಮಾತು ಅರಬ್ಬಿಯಲ್ಲ. ಆ ಕ್ಷಣವೇ ಗೊತ್ತಾಯಿತು ನನಗೆ. ಹಾಗಿದ್ದೂ ನಾನು ಕರೆದೆ, ದೂಮಣ್ಣ ಕರೆದ, ಕೊನೆಗೆ ಉಮ್ಮ್ ನೂರಾ ತಾನೇ ಕತ್ತೆತ್ತಿ, ಸಾರಾ, ಊಟ ತಯಾರಿದೆ, ಬಾ ತಂಗಿ, ಎಂದು ಕರೆದಳು. ಪ್ರತಿ ಸಲವೂ ಅದೇ ವಿಧೇಯ ಸ್ವರ ಮೇಲಿನಿಂದ ಬರುತ್ತಿತ್ತು. ಪಾದೆಯ ಮೇಲೆ ಏರಿದವರಿಗೆ ಕಿವಿ ಕೇಳಿಸುತ್ತದೆ, ಆದರೆ ಯೋಚಿಸಿ ಉತ್ತರ ಕೊಡುವಷ್ಟು ಎಚ್ಚರ ಉಳಿಯುವುದಿಲ್ಲ, ನಾಲಿಗೆಗೆ ರೂಢಿಯಾದದ್ದು ಮಾತ್ರ ಬರುತ್ತದೆ. ನಿನ್ನ ಮನೆಯಲ್ಲಿ ಯಾವ ಮಾತು ಆಡುತ್ತಾರೆ ಸಾರಾ, ಎಂದು ನಾನು ಕೂಗಿ ಕೇಳಿದೆ. ಹಾದಿರ್ ಮಾಮಾ ಎಂದಳು.

ಉಮ್ಮ್ ನೂರಾಳನ್ನು ಕೇಳಿದೆ. ಅವಳು ಒಂದು ದೇಶದ ಹೆಸರು ಹೇಳಿದಳು. ದೂಮಣ್ಣ ಯಾರಿಗೋ ಫೋನ್ ಮಾಡಿ ವಿಚಾರಿಸಿದ. ಆ ದೇಶದಲ್ಲಿ ಎಂಬತ್ತು ಭಾಷೆಗಳಿವೆಯಂತೆ. ಅವುಗಳಲ್ಲಿ ಯಾವುದು ಎಂದು ಉಮ್ಮ್ ನೂರಾಳನ್ನು ಕೇಳಿದೆ. "ನಾನು ಕೇಳಿಯೇ ಇಲ್ಲ," ಎಂದಳು. ಎಂಬತ್ತರಲ್ಲಿ ಒಂದು ಗೊತ್ತಾದರೂ ಪ್ರಯೋಜನವಿರಲಿಲ್ಲ. ಆ ಮಾತಿನವರು ಹತ್ತಿರದಲ್ಲಿ ಎಲ್ಲಿದ್ದಾರೆ? ಫೋನಿನಿಂದ ಬಂದ ಸ್ವರಕ್ಕೆ ಇದುವರೆಗೆ ಪಾದೆಯ ಮೇಲೆ ಯಾರೂ ಇಳಿದದ್ದಿಲ್ಲ.

"ಕಾಲಂ ಬರೆದದ್ದು ಯಾರು?" ಎಂದು ದೂಮಣ್ಣ ಕೇಳಿದ. ಬರೆದದ್ದು ಯಾರೆಂದು ಅವನಿಗೆ ಗೊತ್ತಿತ್ತು. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ. ಹತ್ತೊಂಬತ್ತು ವರ್ಷ ನನ್ನನ್ನು ಯಾರೂ ನಿನ್ನ ಮಾತು ಯಾವುದು ಎಂದು ಕೇಳಿರಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ನನ್ನ ಎದುರಿಗೆ ನನ್ನ ಹಾಗೆಯೇ ಒಬ್ಬಳು ಬಂದು ನಿಂತಾಗ ನಾನೂ ಕೇಳಲಿಲ್ಲ. ಎರಡು ಗೀಟು ಹಾಕಿದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ, ಆದರೆ ಎತ್ತದೆ ವಿಧಿಯಿರಲಿಲ್ಲ, ಅವಳು ಮೇಲಿದ್ದಳು.

ಹನ್ನೆರಡಕ್ಕೆ ಹದಿನೈದು ನಿಮಿಷ. ಕಡಲಿನ ಬಣ್ಣ ಆಗಲೇ ಬದಲಾಗುತ್ತಿತ್ತು. ದಡದ ಗಾಳಿಮರಗಳ ತುದಿ ಒಂದೊಂದಾಗಿ ಅಲುಗತೊಡಗಿದವು. ದೂಮಣ್ಣ ಬೇರೆ ಹಗ್ಗದವರನ್ನು ಕೂಗಿ ಕರೆದ, ನಾಲ್ಕು ಜನ ವಾರಿಜಾಳ ಹಿಂದೆ ಹಗ್ಗಕ್ಕೆ ಕೈ ಹಾಕಿದರು. ಗಾಳಿ ಬಂದಾಗ ಅದರಿಂದ ಏನೂ ಆಗುವುದಿಲ್ಲ ಎಂದು ಅವರೆಲ್ಲರಿಗೂ ಗೊತ್ತಿತ್ತು. ವಾರಿಜಾ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಳು. ಹುಚ್ಚಿಯ ಹಾಗೆ ಮಾಡಬೇಡ, ಬಿಚ್ಚು ಎಂದು ಬೈದೆ. ಅವಳು ಬಿಚ್ಚಲಿಲ್ಲ.

ಆಗ ಮಗು ನನ್ನ ಸೆರಗು ಜಗ್ಗಿತು. ಸಾರಾ ಯಾಕೆ ಬರುವುದಿಲ್ಲ, ನನಗೆ ಹಸಿವು, ಸಾರಾ ಉಣಿಸಬೇಕು ಎಂದಿತು.

ನಾನು ಅಲ್ಲೇ ಕುಳಿತುಬಿಟ್ಟೆ, ಮಗುವಿನ ಮುಖಕ್ಕೆ ಮುಖ ಕೊಟ್ಟು. ಇದು ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕಿತ್ತು! ಆ ಮನೆಯಲ್ಲಿ ನಾನು ಸಾಕಿದ ಹುಡುಗನ ಹೆಸರು ಫಹದ್. ಎರಡು ತಿಂಗಳ ಕೂಸಿನಿಂದ ನನ್ನ ಕೈಯ ತುತ್ತು ತಿಂದು ಬೆಳೆದವನು. ಎಲ್ಲರೆದುರು ನಾನು ಅರಬ್ಬಿ ಆಡುತ್ತಿದ್ದೆ, ಅಡಿಗೆಮನೆಯ ಬಾಗಿಲು ಮುಚ್ಚಿ ಉಣಿಸುವಾಗ ಬಾಯಿಗೆ ಬರುತ್ತಿದ್ದದ್ದು ನನ್ನ ಮಾತೇ. ಹಸಿದ ಮಗುವಿನ ಮುಂದೆ ಯಾರಿಗೂ ಕಲಿತ ಭಾಷೆ ಬರುವುದಿಲ್ಲ. ಆರು ವರ್ಷದವನಿದ್ದಾಗ ಒಂದು ದಿನ ನೆಂಟರೆಲ್ಲ ಕೂತ ಊಟದಲ್ಲಿ ಅವನು ತಾಯಿಯ ಎದುರಿಗೇ, ಇನ್ನೊಂದು ತುತ್ತು ಕೊಡು, ಎಂದು ಕನ್ನಡದಲ್ಲಿ ನನ್ನನ್ನು ಕೇಳಿದ. ಮರುದಿನ ಅವನಿಗೆ ಬೇರೆ ಆಯಾ ಬಂದಳು. ನನಗೆ ಅಡಿಗೆಮನೆಯೊಂದೇ ಉಳಿಯಿತು. ಆಮೇಲಿನ ಹದಿಮೂರು ವರ್ಷ ಅದೇ ಮನೆಯಲ್ಲಿದ್ದೂ ಅವನನ್ನು ನಾನು ದೂರದಿಂದ ನೋಡಿದ್ದೇ ಹೆಚ್ಚು.

"ಸಾರಾ ನಿನಗೆ ಉಣಿಸುವಾಗ ಏನು ಹೇಳುತ್ತಾಳೆ ನೂರಾ?" ಎಂದು ಮಗುವನ್ನು ಕೇಳಿದೆ.

ಮಗು ತುಟಿ ಬಿಗಿದುಕೊಂಡಿತು. ತಾಯಿಯ ಕಡೆ ಕಳ್ಳನೋಟ ಬೀರಿ, ಅದನ್ನು ಹೇಳಬಾರದು, ಸಾರಾ ಯಾರ ಎದುರಿಗೂ ಹೇಳಬೇಡ ಎಂದಿದ್ದಾಳೆ ಎಂದು ನನ್ನ ಕಿವಿಯಲ್ಲಿ ಉಸುರಿತು. ಉಮ್ಮ್ ನೂರಾ ಎರಡು ಹೆಜ್ಜೆ ಆಚೆ ನಿಂತಿದ್ದಳು. ಅವಳಿಗೆ ಕೇಳಿಸಿತು ಎಂದು ಅವಳ ಕಣ್ಣಿನಿಂದಲೇ ತಿಳಿಯಿತು.

ಸಾರಾ ಆ ಮಾತನ್ನು ಮಗುವಿನ ಬಾಯಿಗೆ ಬೀಗ ಹಾಕಿ ಕಾಪಾಡಿದ್ದು ತನ್ನ ಅನ್ನಕ್ಕಾಗಿ, ಮಗುವಿಗಾಗಿ. ಬೀಗ ನಾನು ಒಡೆಯಬೇಕು. ಗುಟ್ಟಾಗಿ ಒಡೆಯುವ ಹಾಗೂ ಇಲ್ಲ. ಹತ್ತು ಮಾರು ಮೇಲಕ್ಕೆ ಕೇಳಬೇಕಾದರೆ ಮಗು ಜೀವ ಬಿಟ್ಟು ಕೂಗಬೇಕು, ಕೂಗಿದರೆ ಊರಿಗೆಲ್ಲ ಕೇಳುತ್ತದೆ.

"ಎಂತ ಮಾಡ್ಲಿಕ್ಕಿದ್ರೂ ಬೇಗ ಮಾಡಿ ಗುಲಾಬಕ್ಕ, ಗಾಳಿ ಬಂತು," ಎಂದ ದೂಮಣ್ಣ.

ಗಾಳಿಯ ಮೊದಲ ಬೀಸು ಬಂದೇಬಿಟ್ಟಿತು. ಹಗ್ಗ ಒಮ್ಮೆಲೇ ಓರೆಯಾಯಿತು, ಹಿಡಿದ ಐದೂ ಜನ ಮುಗ್ಗರಿಸಿದರು. ವಾರಿಜಾ ಬಂಡೆಯ ಮೇಲೆ ಮೊಣಕಾಲೂರಿ ಬಿದ್ದಳು, ಹಗ್ಗ ಅವಳನ್ನು ಒಂದು ಮಾರು ಎಳೆದುಕೊಂಡು ಹೋಯಿತು. ನಾನು ಮಗುವನ್ನು ಎತ್ತಿ ನನ್ನ ಹೆಗಲ ಮೇಲೆ ಕೂರಿಸಿಕೊಂಡೆ. ಸಾರಾ ಉಪವಾಸ ಇದ್ದಾಳೆ ಮಗಳೇ, ನಿನಗೆ ಉಣಿಸುವ ಹಾಗೆ ನೀನು ಅವಳನ್ನು ಕರಿ, ನೀನು ಕರೆಯದಿದ್ದರೆ ಅವಳಿಗೆ ಊಟವಿಲ್ಲ, ಎಂದೆ. ಮಗು ತಾಯಿಯನ್ನೇ ನೋಡುತ್ತಿತ್ತು. ನಾನೂ ನೋಡಿದೆ.

"ಹೇಳು," ಎಂದಳು ಅವಳು ಮಗಳಿಗೆ.

ಮಗು ಮೊದಲು ಮೆಲ್ಲಗೆ ಹೇಳಿತು. ಆಮೇಲೆ ಕೂಗಿತು. ಒಂದು ಮಾತಲ್ಲ, ಸರಸರನೆ ನಾಲ್ಕೈದು ಮಾತು, ಏರಿಳಿತದ ಸಮೇತ, ತೊಟ್ಟಿಲಿನಿಂದಲೇ ಕೇಳಿದವರು ಹೇಳುವ ಹಾಗೆ. ಅದು ಯಾವ ಭಾಷೆಯೋ ಪಾದೆಯ ಮೇಲಿದ್ದ ಯಾರಿಗೂ ತಿಳಿಯದು. ಕೊನೆಯ ಶಬ್ದವೊಂದು ಮಾತ್ರ ನನಗೆ ಅರ್ಥವಾಯಿತು. ಆ ಶಬ್ದ ಎಲ್ಲ ಮಾತಿನಲ್ಲೂ ಹೆಚ್ಚುಕಡಿಮೆ ಒಂದೇ, ಮಕ್ಕಳು ಅದನ್ನು ಹೆತ್ತವಳೊಬ್ಬಳಿಗೇ ಹೇಳುವುದು. ಉಮ್ಮ್ ನೂರಾಳಿಗೂ ಅದು ಅರ್ಥವಾಯಿತು. ಅವಳು ಬಂಡೆಯ ಮೇಲೆ ಕುಳಿತುಕೊಂಡಳು.

ಮೇಲೆ ಸಾರಾ ಕಣ್ಣು ತೆರೆದಳು. ಹಾದಿರ್ ಎನ್ನಲಿಲ್ಲ. ಬೇರೇನೋ ಅಂದಳು, ತಗ್ಗಿದ ಸ್ವರದಲ್ಲಲ್ಲ, ಒಳಮನೆಯಿಂದ ಓಗೊಡುವವರ ತುಂಬು ಗಂಟಲಿನಲ್ಲಿ. ಹಗ್ಗ ಸಡಿಲವಾಯಿತು. ಗಾಳಿಗೆ ಎರಡು ಸಲ ಗಿರಕಿ ಹೊಡೆದಳು, ಐದು ಜನ ಹಗ್ಗ ಸುತ್ತಿಕೊಳ್ಳುತ್ತಾ ಓಡಿದರು, ಪಾದೆಯ ಅಂಚಿಗೆ ಇನ್ನು ಎರಡೇ ಮಾರು ಇರುವಾಗ ಅವಳ ಕಾಲು ನೆಲಕ್ಕೆ ತಾಗಿತು. ವಾರಿಜಾ ಅವಳನ್ನು ತಬ್ಬಿ ಹಿಡಿದು ಗಳಗಳನೆ ಅತ್ತಳು. ಅವಳ ಮೊಣಕಾಲು ಎರಡೂ ಸುಲಿದು ರಕ್ತ ಇಳಿಯುತ್ತಿತ್ತು.

ಸಾರಾ ಅಳಲಿಲ್ಲ. ತಾನು ಎಲ್ಲಿದ್ದೇನೆ ಎಂಬ ಎಚ್ಚರ ಬಂದ ಕೂಡಲೇ ಮಗುವನ್ನು ನೋಡಿದಳು, ಮಗುವಿನ ತಾಯಿಯನ್ನು ನೋಡಿದಳು. ಏನಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಉಮ್ಮ್ ನೂರಾಳ ಮುಂದೆ ಬಂದು ನಿಂತು, ಕ್ಷಮಿಸು ಮಾಮಾ, ಇನ್ನು ಮುಂದೆ ಹಾಗಾಗುವುದಿಲ್ಲ, ಕ್ಷಮಿಸು, ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಅಂಥ ನೋಟವನ್ನು, ಫಹದನಿಗೆ ಬೇರೆ ಆಯಾ ಬಂದ ದಿನ, ನಾನು ಆ ಮನೆಯ ಕನ್ನಡಿಯಲ್ಲಿ ನೋಡಿದ್ದೆ.

ಗಾಳಿ ಜೋರಾದ್ದರಿಂದ ಎಲ್ಲರನ್ನೂ ಐಸ್ ಪ್ಲಾಂಟಿಗೆ ಕರೆತಂದೆವು. ವಾರಿಜಾಳ ಮೊಣಕಾಲಿಗೆ ಮದ್ದು ಹಚ್ಚುತ್ತಿದ್ದೆ. ಉಮ್ಮ್ ನೂರಾ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಳು. ಚಹಾ ಕೊಟ್ಟರೆ ಕುಡಿಯಲಿಲ್ಲ. ಬಾಗಿಲ ಬಳಿ ಸಾರಾ ನಿಂತೇ ಮಗುವಿನ ಬಾಯಿಗೆ ಅನ್ನದ ತುತ್ತು ಇಡುತ್ತಿದ್ದಳು, ಒಂದು ಮಾತೂ ಆಡದೆ. ಮಗು ಏನೋ ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದಳು.

"ನೀನೂ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡವಳಲ್ಲವೇ?" ಎಂದು ಉಮ್ಮ್ ನೂರಾ ಕೇಳಿದಳು.

ಹೌದು, ಒಬ್ಬ ಗಂಡುಮಗು ಎಂದೆ.

"ಅವನೂ ಹೀಗೆ ನಿನ್ನ ಮಾತು ಆಡುತ್ತಿದ್ದನೇ?"

ಆಡುತ್ತಿದ್ದ ಎಂದೆ. ಅವಳು ಕೆಟ್ಟವಳಲ್ಲ. ಹಗ್ಗದ ಬುಡದಲ್ಲಿ ಹೇಳು ಎಂದವಳು ಅವಳೇ. ಆದರೆ ಆ ಕೊನೆಯ ಶಬ್ದ ಅವಳ ಎದೆಯಲ್ಲಿ ನೆಟ್ಟಿತ್ತು, ಅದು ಅಲ್ಲೇ ಇದ್ದರೆ ಊರು ಮುಟ್ಟಿದ ಮರುದಿನ ಸಾರಾಳ ಗತಿ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮಕ್ಕಳು ಅದನ್ನು ನೆನಪಿಟ್ಟುಕೊಳ್ಳುತ್ತಾರಾ?" ಎಂದು ಕೇಳಿದಳು. ಕೇಳುವಾಗ ನನ್ನ ಮುಖ ನೋಡಲಿಲ್ಲ.

"ಎಲ್ಲಿಯ ನೆನಪು ಮಾಮಾ," ಎಂದೆ. "ಶಾಲೆಗೆ ಹೋಗತೊಡಗಿದ ಆರೇ ತಿಂಗಳು. ಆಮೇಲೆ ನಮ್ಮ ಮಾತೂ ಇಲ್ಲ, ನಾವೂ ಇಲ್ಲ. ನನ್ನವನು ಈಗ ಎದುರಿಗೆ ಸಿಕ್ಕಿದರೆ ಯಾರು ನೀನು ಎಂದು ಕೇಳಿಯಾನು. ತಾಯಿಯ ಮಾತೇ ಉಳಿಯುವುದು."

ಅವಳು ಉದ್ದಕ್ಕೆ ಉಸಿರು ಬಿಟ್ಟಳು. ನೂರಾ ಮುಂದಿನ ವರ್ಷ ಶಾಲೆಗೆ ಸೇರುತ್ತಾಳೆ ಎಂದಳು. ಆಮೇಲೆ ಎದ್ದು ಬಾಗಿಲ ಬಳಿ ಹೋಗಿ, ಸಾರಾ, ಕುಳಿತು ಉಣಿಸು, ಮಗು ಕೇಳಿದ್ದಕ್ಕೆ ಉತ್ತರ ಕೊಡು ಎಂದಳು. ಸಾರಾ ಹಾದಿರ್ ಮಾಮಾ ಎಂದು ಅಲ್ಲೇ ನೆಲದ ಮೇಲೆ ಕುಳಿತಳು. ಮೆಲ್ಲನೆ, ಹೆದರಿ ಹೆದರಿ, ಆ ಮಾತು ಮತ್ತೆ ಶುರುವಾಯಿತು. ಕಾರು ಹೊರಡುವಾಗ ಮಗು ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೇ ನಿದ್ದೆ ಹೋಗಿತ್ತು.

"ಹೌದಾ ಟೀಚರ್, ಮಕ್ಕಳು ಮರೀತಾರಾ?" ಎಂದು ವಾರಿಜಾ ಕೇಳಿದಳು. ಅವಳ ಅರಬ್ಬಿ ಅಷ್ಟು ಮುಂದುವರಿದಿದೆ ಎಂದು ನನಗೆ ಗೊತ್ತಿರಲಿಲ್ಲ. ನೀನು ಮೊದಲು ಕಾಲು ನೀಡು, ಮದ್ದು ಒಣಗಲಿ, ಎಂದು ಗದರಿದೆ.

ಫಹದನಿಗೆ ಈಗ ಇಪ್ಪತ್ತಾರು. ಬ್ಯಾಂಕಿನಲ್ಲಿ ಕೆಲಸ, ಮದುವೆಯೂ ಆಗಿದೆ. ನನ್ನ ನಂಬರು ಎಲ್ಲಿಂದ ಹುಡುಕಿದನೋ ಏನೋ, ಮೂರು ವರ್ಷದಿಂದ ಪ್ರತಿ ಹಬ್ಬಕ್ಕೂ ತಪ್ಪದೆ ಫೋನ್ ಮಾಡುತ್ತಾನೆ. ನಾನು ಅರಬ್ಬಿಯಲ್ಲಿ ಹಬ್ಬದ ಶುಭಾಶಯ ಹೇಳುತ್ತೇನೆ, ಅವನು ಅದಕ್ಕೆ ಅರಬ್ಬಿಯಲ್ಲಿ ಉತ್ತರ ಕೊಡುವುದಿಲ್ಲ. ಉಂಡಾಯ್ತಾ ಗುಲಾಬಿ, ಎಂದು ಕೇಳುತ್ತಾನೆ.